ಪೂಜೆಗೆ ತೆರೆದಿಟ್ಟ ಫೈಲು

ನಾನು ಬರುವ ಮೊದಲು ಆ ಆಫೀಸಿನಲ್ಲಿ ಒಂದೇ ಒಂದು ಎರರ್ ಬರುತ್ತಿರಲಿಲ್ಲವಂತೆ. ಈ ಮಾತನ್ನು ನನ್ನ ಮುಖಕ್ಕೇ ಹೇಳದವರು ಅಲ್ಲಿ ಯಾರೂ ಇಲ್ಲ. ಮ್ಯಾನೇಜರ್ ಹೇಳಿದರು, ಮುಂದಿನ ಕೌಂಟರಿನ ಅಕ್ಕ ಹೇಳಿದಳು, ಹುಕ್ಕೇರಿ ಗಾಡಿಯ ಡ್ರೈವರ್ ಮಾಮಾ ಎಲೆ ಅಡಿಕೆ ಜಗಿಯುತ್ತಲೇ ಹೇಳಿದರು. ಹೌದು ಮಹಾರಾಯರೇ, ಬರುತ್ತಿರಲಿಲ್ಲ. ಬಾಯಿಗೆ ಬಟ್ಟೆ ತುರುಕಿಟ್ಟರೆ ಯಾರು ತಾನೇ ಕೂಗುತ್ತಾರೆ? ಇವತ್ತಿಗೂ ನಾನು ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಇವತ್ತಿಗೂ ಎರರ್ ಬರುತ್ತದೆ, ಬಂದಾಗ ನಾನು ಎದ್ದು ಹೋಗಿ ನೋಡುತ್ತೇನೆ.

ಅದು ಗೋಕಾಕದ ಒಂದು ಖಾಸಗಿ ಡಯಾಲಿಸಿಸ್ ಕೇಂದ್ರ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಸೋಸಿ ಮತ್ತೆ ಮೈಗೆ ಬಿಡುವ ಜಾಗ. ಬರುವವರಲ್ಲಿ ಅರ್ಧ ಜನ ಊರಿನವರೇ, ಉಳಿದವರು ಮೂಡಲಗಿ ಕಡೆಯವರು, ಹುಕ್ಕೇರಿ ಕಡೆಯವರು. ಬಸ್ಸಿನಲ್ಲಿ ನಿಂತು ಬರುವ ತ್ರಾಣ ಅವರಿಗಿರುವುದಿಲ್ಲ ಎಂದು ಕೇಂದ್ರದವರೇ ಎರಡು ಗಾಡಿ ಇಟ್ಟಿದ್ದರು. ಗಾಡಿಗಳು ನಸುಕಿನಲ್ಲೇ ಹೊರಡುತ್ತವೆ. ಯಾರನ್ನು ಯಾವ ಊರಿನಲ್ಲಿ ಹತ್ತಿಸಿಕೊಳ್ಳಬೇಕು ಎಂಬ ಪಟ್ಟಿ ಹಿಂದಿನ ದಿನ ಮಧ್ಯಾಹ್ನವೇ ತಯಾರಾಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರ ಮನೆಯ ಮುಂದೆ ಗಾಡಿ ನಿಲ್ಲುವುದಿಲ್ಲ. ಗಾಡಿ ನಿಲ್ಲಲಿಲ್ಲವೆಂದರೆ ಮೈಯಲ್ಲಿ ನೀರು ತುಂಬುತ್ತದೆ, ಆಮೇಲೆ ಉಸಿರು ಸಿಕ್ಕುವುದಿಲ್ಲ.

ಆ ಪಟ್ಟಿಯ ಹೊಣೆ ನನ್ನದು. ನಾನು ಕೈಯಿಂದ ಬರೆಯುವುದಿಲ್ಲ, ಮ್ಯಾಕ್ರೋ ಬರೆಯುತ್ತದೆ. ಮ್ಯಾಕ್ರೋ ಅಂದರೆ ಎಕ್ಸೆಲ್ ಹಾಳೆಯ ಬೆನ್ನಿಗೆ ಬರೆದಿಟ್ಟ ಸಣ್ಣ ಪ್ರೋಗ್ರಾಮು. ಹಿಂದಿನ ಕೋಣೆಯಲ್ಲಿರುವ ನನ್ನ ಕಂಪ್ಯೂಟರಿನಲ್ಲಿ ನಾನು ಒಂದು ಗುಂಡಿ ಒತ್ತಬೇಕು. ಅದು ಮುಂದಿನ ಕೌಂಟರಿನ ಕಂಪ್ಯೂಟರಿನಲ್ಲಿರುವ ದೊಡ್ಡ ಫೈಲನ್ನು ತೆರೆದು, ನಾಳೆ ಯಾರ ಪಾಳಿ ಎಂದು ಹುಡುಕಿ, ಅವರ ಹೆಸರಿನ ಮುಂದೆ ಗುರುತು ಹಾಕಿ, ಎರಡು ಗಾಡಿಗೆ ಎರಡು ಚಿಕ್ಕ ಫೈಲು ಬರೆದು ಪ್ರಿಂಟಿಗೆ ಕಳಿಸಬೇಕು. ಮೊದಲು ಯಾರೋ ಹೊರಗಿನವರು ಬರೆದು ಕೊಟ್ಟು ದುಡ್ಡು ಇಸಿದುಕೊಂಡು ಹೋಗಿದ್ದ ಪ್ರೋಗ್ರಾಮು ಅದು.

ನಾನು ಧುಪದಾಳದವಳು. ಅವ್ವ ಅಪ್ಪ ಇಬ್ಬರೂ ಕಂಡವರ ಹೊಲದಲ್ಲಿ ದುಡಿದು ನನಗೆ ಗೋಕಾಕದ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿ ಓದಿಸಿದರು. ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರ್ ನಗುನಗುತ್ತಲೇ ಕೇಳಿದ್ದರು.

“ಯಾವ ಊರ ತಂಗಿ?”

“ಧುಪದಾಳ ಸರ್.”

“ಹಾಂ, ಧುಪದಾಳದಾಗ ಯಾವ ಓಣಿ?”

ಓಣಿ ಕೇಳಿದರೆ ಏನು ಕೇಳಿದಂತೆ ಎಂದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಓಣಿಯ ಹೆಸರು ಹೇಳಲಿಲ್ಲ. “ನಾವು ಬೌದ್ಧರು ರೀ ಸರ್, ನೀವು ಕೇಳಾಕತ್ತಿದ್ದು ಅದನ್ನಲ್ಲೇನು?” ಎಂದೆ. ಅವರು ಮುಖ ಸಣ್ಣ ಮಾಡಿಕೊಂಡು, “ಹಂಗಲ್ಲವಾ, ಸುಮ್ನ ಕೇಳಿದ್ನಿ” ಎಂದು ಹೊರಗೆ ಹೋದರು. ಮನುಷ್ಯ ಕೆಟ್ಟವರಲ್ಲ. ಪಗಾರ ತಡವಾದಾಗ ನಮ್ಮ ಪರವಾಗಿ ಮಾಲೀಕರ ಹತ್ತಿರ ಜಗಳ ಆಡಿದವರು ಅವರೇ, ಪೇಶಂಟರಿಗೆ ಗಾಡಿ ಇಡಿಸಿದವರೂ ಅವರೇ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಎಷ್ಟು ತ್ರಾಸಿನ ಕೆಲಸ ಎಂದು ನನಗೆ ಆ ಆಫೀಸೇ ಕಲಿಸಿತು.

ಸೇರಿದ ಹೊಸದರಲ್ಲೇ ಒಂದು ದಿನ, ಹುಕ್ಕೇರಿ ಕಡೆಯ ಕಣಗಲಾದಿಂದ ಬರುವ ಪೇಶಂಟು, ನಾವೆಲ್ಲ ಕಾಕು ಎಂದು ಕರೆಯುವವರು, ಬಂದರು. ಗಾಡಿಯಲ್ಲಿ ಅಲ್ಲ. ಹೆದ್ದಾರಿಯ ಬದಿಯಲ್ಲಿ ಕಾದು ಕಾದು, ಬಸ್ಸು ಬದಲಿಸಿ, ಆಟೋ ಹಿಡಿದು ಮಧ್ಯಾಹ್ನದ ಹೊತ್ತಿಗೆ ಬಂದು ಬಾಗಿಲಲ್ಲೇ ಕುಸಿದರು. ಕೊರಳಲ್ಲಿ ಲಿಂಗ, ತಲೆಯ ಮೇಲೆ ಸೆರಗು, ಮುಖ ಊದಿ ಕಣ್ಣು ಕಾಣದಂತಾಗಿತ್ತು. ಇಬ್ಬರು ಸೇರಿ ಎತ್ತಿ ಒಳಗೆ ಮಲಗಿಸಿದೆವು. ಉಸಿರು ತಿರುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು.

“ಗಾಡಿ ಯಾಕ ಬರಲಿಲ್ಲವಾ? ನಾ ಏನರ ತಪ್ಪ ಮಾಡೇನೇನು?”

ಹಿಂದಿನ ದಿನ ಗುಂಡಿ ಒತ್ತಿದವಳು ನಾನೇ. ‘ಪಟ್ಟಿ ತಯಾರಾಗಿದೆ’ ಎಂದು ಪರದೆಯ ಮೇಲೆ ಬಂದಿತ್ತು. ಪ್ರಿಂಟೂ ಬಂದಿತ್ತು. ತೆಗೆದು ನೋಡಿದರೆ ಅದು ಅದರ ಹಿಂದಿನ ದಿನದ ಪಟ್ಟಿ! ಹೊಸ ಫೈಲು ಬರೆಯಲು ಆಗಿರಲಿಲ್ಲ, ಹಳೆಯದೇ ಅಲ್ಲಿ ಬಿದ್ದಿತ್ತು, ಪ್ರಿಂಟರು ಪಾಪ ಇದ್ದುದನ್ನೇ ಅಚ್ಚು ಹಾಕಿತ್ತು. ಬರೆಯಲು ಆಗಲಿಲ್ಲವೆಂದರೆ ಎಕ್ಸೆಲ್ ಬೊಬ್ಬೆ ಹಾಕಬೇಕಲ್ಲ, ಯಾಕೆ ಹಾಕಲಿಲ್ಲ?

ಮ್ಯಾಕ್ರೋದ ಒಳಗೆ ಹೊಕ್ಕು ನೋಡಿದೆ. ಎಲ್ಲಕ್ಕಿಂತ ಮೇಲೆ ಒಂದು ಸಾಲು ಕುಳಿತಿತ್ತು: ಆನ್ ಎರರ್ ರೆಸ್ಯೂಮ್ ನೆಕ್ಸ್ಟ್. ಏನೇ ತಪ್ಪಾಗಲಿ, ಯಾರಿಗೂ ಹೇಳಬೇಡ, ಮುಂದಿನ ಸಾಲಿಗೆ ಹೋಗು ಎಂದು ಅದರ ಅರ್ಥ. ಫೋಲ್ಡರ್ ಸಿಗಲಿಲ್ಲವೇ, ಮುಂದೆ ಹೋಗು. ಫೈಲು ಬರೆಯಲಾಗಲಿಲ್ಲವೇ, ಮುಂದೆ ಹೋಗು. ಕೊನೆಯಲ್ಲಿ ‘ಪಟ್ಟಿ ತಯಾರಾಗಿದೆ’ ಎಂದು ಹೇಳಿ ಕೈ ತೊಳೆದುಕೋ. ನನಗೆ ಮೈಯೆಲ್ಲ ಉರಿದು ಹೋಯಿತು. ಈ ಬುದ್ಧಿಮಾತು ನನಗೆ ಹೊಸದೇನೂ ಅಲ್ಲ. ಇರಲಿ ಬಿಡವಾ, ಎಲ್ಲಾ ಕಡೆ ಹಿಂಗ ಇರತೈತಿ, ನೀ ಮುಂದ ನಡಿ ಎಂದು ಅವ್ವ ನನ್ನನ್ನು ಬೆಳೆಸಿದ್ದೇ ಹಾಗೆ. ಅವ್ವನಿಗೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು. ಆ ಸಾಲನ್ನು ಅಳಿಸಿ ಹಾಕಿದೆ.

ಅಳಿಸಿದ್ದೇ ತಡ, ಎರರ್‌ಗಳ ಜಾತ್ರೆಯೇ ಶುರುವಾಯಿತು. ಮೊದಲ ದಿನ ‘ಪಾತ್ ನಾಟ್ ಫೌಂಡ್’, ಅಂದರೆ ಹೇಳಿದ ದಾರಿಯಲ್ಲಿ ಫೋಲ್ಡರೇ ಇಲ್ಲ. ಕರೆಂಟು ಹೋಗಿ ಬಂದ ಮೇಲೆ ಎರಡು ಕಂಪ್ಯೂಟರಿನ ನಡುವಿನ ನೆಟ್‌ವರ್ಕಿನ ಡಬ್ಬಿ ಎಚ್ಚರವಾಗುವುದು ತಡ, ಅಲ್ಲಿಯವರೆಗೆ ನನ್ನ ಕಂಪ್ಯೂಟರಿಗೆ ಕೌಂಟರಿನ ಕಂಪ್ಯೂಟರು ಕಾಣುವುದೇ ಇಲ್ಲ. ಬರೆಯುವ ಮುಂಚೆ ಫೋಲ್ಡರ್ ಇದೆಯೋ ಇಲ್ಲವೋ ನೋಡು ಎಂದು ಮ್ಯಾಕ್ರೋಗೆ ಕಲಿಸಿದೆ. ಆಮೇಲೆ ಒಂದು ಮಧ್ಯಾಹ್ನ, ತಾರೀಖು ಹಾಕಿ ತೆಗೆದಿಡುವ ನಕಲು ಫೈಲಿನ ಹೆಸರೇ ಸರಿಯಿಲ್ಲ ಎಂದು ಹಟ ಹಿಡಿಯಿತು. ವಿಚಾರಿಸಿದರೆ, ಅಕ್ಕ ನನ್ನ ಕಂಪ್ಯೂಟರಿನಲ್ಲಿ ತಾರೀಖು ಬರುವ ರೀತಿಯನ್ನು ಬದಲಿಸಿದ್ದಳು.

“ಗೋಡೆ ಮ್ಯಾಲಿನ ಕ್ಯಾಲೆಂಡರ್ ಥರಾ ಕಾಣ್ಲಿ ಅಂತ ಮಾಡಿದ್ನಿ. ಚಂದ ಇಲ್ಲೇನು?”

ಚಂದವೇನೋ ಹೌದು. ಆದರೆ ತಾರೀಖಿನ ನಡುವೆ ಓರೆ ಗೆರೆ ಬಂದು ಕೂತಿತ್ತು. ಫೈಲಿನ ಹೆಸರಿನಲ್ಲಿ ಓರೆ ಗೆರೆ ಬಂದರೆ ಕಂಪ್ಯೂಟರು ಅದನ್ನು ಫೋಲ್ಡರಿನೊಳಗಿನ ಫೋಲ್ಡರು ಎಂದು ತಿಳಿದು ಇಲ್ಲದ ಬಾಗಿಲು ಹುಡುಕುತ್ತದೆ. ಹೆಸರಿನಲ್ಲಿ ಬರೇ ಅಂಕಿ ಇರುವಂತೆ ಕೋಡು ತಿದ್ದಿದೆ. ಮತ್ತೊಂದು ದಿನ ‘ಪರ್ಮಿಷನ್ ಡಿನೈಡ್’, ಅಪ್ಪಣೆ ಇಲ್ಲ. ಬೇರೆ ಯಾರೋ ಫೈಲು ತೆರೆದಿಟ್ಟುಕೊಂಡಿದ್ದರೆ ಅದರಲ್ಲಿ ಬರೆಯಲು ಬಿಡುವುದಿಲ್ಲ. ಹುಡುಕಿದರೆ ಔಷಧಿ ಕೌಂಟರಿನ ಅಣ್ಣ ಇವತ್ತು ಯಾರು ಬಂದಿದ್ದಾರೆಂದು ನೋಡಲು ಹುಕ್ಕೇರಿ ಪಟ್ಟಿ ತೆರೆದು, ಹಾಗೇ ಬಿಟ್ಟು ಚಹಾ ಕುಡಿಯಲು ಹೋಗಿದ್ದ. ಅವನನ್ನು ಚಹಾದಂಗಡಿಯಿಂದ ಎಬ್ಬಿಸಿಕೊಂಡು ಬಂದು ಮುಚ್ಚಿಸಿದೆ.

“ತಂಗಿ, ಆ ಡಬ್ಬಿ ಬರೂದ ಬಂದ್ ಮಾಡ. ನೀ ಓಡ್ಯಾಡೂದ ನೋಡಿ ಪೇಶಂಟರ ಮುಂದ ಮರ್ಯಾದಿ ಹೋಗಾಕತ್ತೈತಿ,” ಎಂದರು ಮ್ಯಾನೇಜರ್. ಡಬ್ಬಿ ಅಂದರೆ ಎರರ್ ಬಂದಾಗ ಪರದೆಯ ಮೇಲೆ ಏಳುವ ಚೌಕ.

“ಡಬ್ಬಿ ಬಂದ್ರ ನಾ ಓಡಿ ಹೋಗಿ ಸರಿ ಮಾಡ್ತೇನ್ರಿ ಸರ್. ಡಬ್ಬಿ ಬರಲಿಲ್ಲಂದ್ರ ಕಣಗಲಾ ಕಾಕು ರಸ್ತಾದಾಗ ನಿಂತಿರ್ತಾರ.”

“ಮೊದಲ ನಡೀತಿತ್ತಲ್ಲ?”

“ಏನ್ ನಡೀತಿತ್ತ್ರಿ, ಮಣ್ಣು!”

ಬಾಯಿ ಜೋರು ಎಂದು ಹೆಸರು ಬಂತು. ಬರಲಿ ಎಂದೆ. ದಿನ ಕಳೆದಂತೆ ಡಬ್ಬಿ ಏಳುವುದು ಕಡಿಮೆಯಾಯಿತು, ಹುಕ್ಕೇರಿ ಗಾಡಿ ತಪ್ಪದೆ ಕಣಗಲಾಕ್ಕೆ ಹೋಗತೊಡಗಿತು. ಕಾಕು ಬಂದಾಗಲೆಲ್ಲ ಗಾಜಿನ ಆಚೆಯಿಂದ ಕೈ ಎತ್ತಿ ತೋರಿಸುತ್ತಿದ್ದರು.

ಹೀಗಿರುವಾಗ ಖಂಡೇಪೂಜೆ ಬಂತು. ದಸರೆಯ ಹಿಂದಿನ ದಿನ, ದುಡಿಯುವ ಆಯುಧಗಳನ್ನು ತೊಳೆದು ಪೂಜಿಸುವ ಹಬ್ಬ. ಹೊಲದವರು ಕುಡಗೋಲು, ನೇಗಿಲು ಇಡುತ್ತಾರೆ. ನಮ್ಮಲ್ಲಿ ಏನಿದೆಯೋ ಅದಕ್ಕೆಲ್ಲ ಪೂಜೆ ಆಯಿತು. ಗಾಡಿಗಳಿಗೆ ಬಾಳೆಕಂಬ, ಗಾಲಿಯ ಕೆಳಗೆ ಲಿಂಬೆಹಣ್ಣು, ಡಯಾಲಿಸಿಸ್ ಯಂತ್ರಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಕೌಂಟರಿನ ಕಂಪ್ಯೂಟರಿಗಂತೂ ಮೊಳ ಉದ್ದದ ಮಾಲೆ. ನನ್ನ ಕಂಪ್ಯೂಟರಿಗೆ ಏನೂ ಇಲ್ಲ. “ನೀವು ನಂಬೂದಿಲ್ಲಲ್ಲ, ನೀ ನಿನ್ನ ರೂಮಿನಾಗ ಕೆಲಸ ಮಾಡ್ಕೊ” ಎಂದಿದ್ದರು ಮ್ಯಾನೇಜರ್. ಅದು ಖರೆಯೇ, ನಾವು ನಂಬುವುದಿಲ್ಲ. ಆದರೂ ಮಂಗಳಾರತಿಯ ಗಂಟೆ ಕೇಳುತ್ತ ಒಬ್ಬಳೇ ಹಿಂದಿನ ಕೋಣೆಯಲ್ಲಿ ಕುಳಿತಾಗ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಪ್ರಸಾದ ತಂದವರು ಅದನ್ನು ಕೈಗೆ ಕೊಡದೆ ಟೇಬಲ್ಲಿನ ಅಂಚಿಗೆ ಇಟ್ಟು ಹೋದರು.

ಪೂಜೆ ಮುಗಿಸಿ ಅಕ್ಕ ಊರಿಗೆ ಹೊರಟುಹೋದಳು. ಮಧ್ಯಾಹ್ನ ನಾನು ಗುಂಡಿ ಒತ್ತಿದೆ. ಪರ್ಮಿಷನ್ ಡಿನೈಡ್.

ಔಷಧಿ ಕೌಂಟರಿಗೆ ಓಡಿದೆ, ಅಲ್ಲಿ ಎಲ್ಲ ಬಂದ್ ಆಗಿತ್ತು. ನನ್ನ ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಮತ್ತೆ ಅದೇ. ಈ ಸಲ ಅಡ್ಡ ಬಂದುದು ಚಿಕ್ಕ ಪಟ್ಟಿಯ ಫೈಲಲ್ಲ, ಎಲ್ಲರ ಪಾಳಿ ಇರುವ ದೊಡ್ಡ ಫೈಲು. ಓದಲು ಕೊಡುತ್ತದೆ, ಗುರುತು ಹಾಕಿ ಉಳಿಸಲು ಬಿಡುವುದಿಲ್ಲ. ಆ ಫೈಲನ್ನು ಯಾರೋ ತೆರೆದಿಟ್ಟಿದ್ದಾರೆ. ಯಾರು? ಅಕ್ಕನಿಗೆ ಫೋನು ಹಚ್ಚಿದೆ.

“ಹೌದವಾ, ನಾನ ತೆರೆದಿಟ್ಟೇನಿ,” ಎಂದಳು, ಅದರಲ್ಲೇನು ವಿಶೇಷ ಎಂಬಂತೆ. “ಪೂಜಿ ಟೈಮದಾಗ ಫೈಲ್ ತೆರೆದಿರಬೇಕಲ್ಲ? ಮುಚ್ಚಿದ ಫೈಲಿಗೆ ಪೂಜಿ ಹೆಂಗ ಮುಟ್ಟತೈತಿ?”

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಮ್ಮ ಕಡೆ ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ. ದೊಡ್ಡ ಫೈಲು ತೆರೆದ ಬಾಯಿ ಮುಚ್ಚದೆ ಮಾಲೆ ಹಾಕಿಕೊಂಡು ನಾಳೆಯ ತನಕ ಕುಳಿತಿರುತ್ತದೆ.

“ಅಕ್ಕಾ, ಅದರಾಗ ಇವತ್ತ ಏನರ ಬರದೀಯೇನು?”

“ಮುಂಜಾನೆ ಫೋನ್ ಬಂದಿದ್ವು. ಪಾಳಿ ಬದಲಿ ಮಾಡೇನಿ. ಕಣಗಲಾ ಕಾಕೂಂದು ಒಂದು ಇತ್ತು, ದಮ್ಮು ಹತ್ತೈತಿ ಅಂದ್ರು, ಡಾಕ್ಟರ್ ನಾಳಿಗೇ ಕರಸ್ರಿ ಅಂದ್ರು. ಉಳದವ್ರು ಯಾರು ಅಂತ ನೆನಪಿಲ್ಲವಾ.”

“ಸೇವ್ ಮಾಡೀಯಿಲ್ಲೋ?”

“ಅಷ್ಟರಾಗ ಆರತಿ ಬಂತು. ಆಮ್ಯಾಲೆ ಹೆಂಗ ಮುಟ್ಟಲಿ?”

ಫೋನು ಇಟ್ಟೆ. ಬದಲಾವಣೆಗಳೆಲ್ಲ ಪರದೆಯ ಮೇಲಷ್ಟೇ ಇವೆ, ಫೈಲಿನೊಳಗೆ ಇಳಿದಿಲ್ಲ. ನನಗೆ ಓದಲು ಸಿಗುವ ಫೈಲಿನಲ್ಲಿ ಕಾಕು ನಾಳೆ ಬರುವವರಲ್ಲ. ಕಾಕುವಿನ ಮನೆಗೆ ಫೋನು ಹಚ್ಚಿದರೆ ರಿಂಗಾಗಿ ರಿಂಗಾಗಿ ನಿಂತಿತು, ಅವರ ಮನೆಯಲ್ಲೂ ಹಬ್ಬ. ಕಾಕುವಿನ ಹೆಸರನ್ನು ಕೈಯಿಂದ ಬರೆದು ಸೇರಿಸಬಹುದಿತ್ತು. ಹೆಸರು ನೆನಪಿಲ್ಲದ ಉಳಿದವರ ಗತಿ?

ಮ್ಯಾನೇಜರ್ ಕೌಂಟರಿನಲ್ಲಿ ಕುಳಿತು ಬಾಳೆಹಣ್ಣು ಹಂಚುತ್ತಿದ್ದರು. ಹೋಗಿ ಎಲ್ಲ ಹೇಳಿದೆ.

“ಅದಕ್ಯಾಕ ಇಷ್ಟ ಗದ್ದಲಾ? ನಿನ್ನಿ ಫೈಲ್ ಕಾಪಿ ಮಾಡ, ಹೊಸಾ ಅಂತ ಹೆಸರಿಡು, ಅದರಿಂದ ಪಟ್ಟಿ ತಗಿ.”

“ಅದರಾಗ ಬದಲಿ ಆದವ್ರು ಇಲ್ಲರಿ.”

“ಬಿಟ್ಟು ಹೋದವ್ರು ತಾವ ಫೋನ್ ಮಾಡ್ತಾರ ತಗೊ.”

“ಫೋನ್ ಮಾಡಾಕ ಉಸರ ಇರಬೇಕಲ್ರಿ ಸರ್! ನೀವರ ಒಂದ ಸಲ ಬಟನ್ ಒತ್ತಿ ಸೇವ್ ಮಾಡಿ ಮುಚ್ಚರಿ.”

“ಪೂಜಿ ಆಗೇತಿ. ನಾಳಿ ಬನ್ನಿ ಮುಡದ ಮ್ಯಾಲೆ ಮುಟ್ಟೂಣು.”

“ಗಾಡಿಗೂ ಪೂಜಿ ಆಗೇತಿ. ನಸುಕಿನ್ಯಾಗ ಓಡಸೂದಿಲ್ಲೇನ್ರಿ? ಡಯಾಲಿಸಿಸ್ ಮಷೀನಿಗೂ ಆಗೇತಿ. ಕುಂಕುಮ ಆರೂದರಾಗ ಮಂದೀನ್ನ ಹಚ್ಚೀರಿ. ಕಂಪ್ಯೂಟರಿಗೆ ಮಾತ್ರ ಯಾಕ?”

“ಅದು ಜೀವದ ಮಾತವಾ.”

“ಇದೂ ಜೀವದ ಮಾತ ರೀ!”

ಇಷ್ಟಾದ ಮೇಲೆ ಮಾತು ಯಾಕೆ? ಕೌಂಟರಿನ ಒಳಬಾಗಿಲು ತಳ್ಳಿಕೊಂಡು ಹೋದೆ. ಪರದೆ ಕಪ್ಪಾಗಿತ್ತು, ಕೀಬೋರ್ಡಿನ ಮೇಲೆಲ್ಲ ಅಕ್ಷತೆ. ಮಾಲೆಗೆ ಕೈ ಹಾಕಿದೆ.

“ಏ ಏ ಏ! ಮುಟ್ಟಬ್ಯಾಡ! ಯಾರರ ಮುಟ್ಟಿದ್ರೂ ನಡೀತಿತ್ತು, ಅದರಾಗ ನೀ...”

ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸಿದ ಮಾತು ಪೂರ್ತಿ ಆಡಿದ ಮಾತಿಗಿಂತ ಜೋರಾಗಿ ಕೇಳಿತು. ಬಾಳೆಹಣ್ಣು ಹಿಡಿದು ನಿಂತಿದ್ದ ಡ್ರೈವರ್ ಮಾಮಾ ನೆಲ ನೋಡಿದರು.  ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಹಿಂದೆ ತೆಗೆಯಲಿಲ್ಲ.

“ಅದರಾಗ ನಾ ಏನ್ರಿ ಸರ್? ಹೇಳ್ರಿ, ಪೂರಾ ಹೇಳ್ರಿ.”

 ನಾನು ಮಾಲೆ ತೆಗೆದು ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕುಳಿತೆ, ಅಕ್ಷತೆಯನ್ನು ಅಂಗೈಯಿಂದ ಸರಿಸಿದೆ, ಒಂದು ಕೀಲಿ ಒತ್ತಿದೆ. ಪರದೆ ಬೆಳಗಿತು. ಕಾಕುವಿನ ಹೆಸರು ನಾಳೆಯ ಪಾಳಿಯಲ್ಲಿತ್ತು. ಮೂಡಲಗಿ ಕಡೆಯ ಇಬ್ಬರು ಅಜ್ಜಂದಿರೂ ಇದ್ದರು. ಸೇವ್ ಮಾಡಿ ಫೈಲು ಮುಚ್ಚಿದೆ. ನನ್ನ ಕೋಣೆಗೆ ಹೋಗಿ ಗುಂಡಿ ಒತ್ತಿದೆ. ಡಬ್ಬಿ ಏಳಲಿಲ್ಲ. ಪಟ್ಟಿ ಹೊರಗೆ ಬಂತು, ಡ್ರೈವರ್ ಮಾಮಾನ ಕೈಗೆ ನಾನೇ ಕೊಟ್ಟೆ. ಅವರು ಓದಿ ನೋಡಿ, ಮ್ಯಾನೇಜರಿಗೆ ಕೇಳದಂತೆ, “ಕಾಕೂನ ಕರಕೊಂಡ ಬರ್ತೇನಿ, ನೀ ಚಿಂತಿ ಮಾಡಬ್ಯಾಡ” ಎಂದರು.

ಮನೆಗೆ ಹೊರಟಾಗ ಮ್ಯಾನೇಜರ್ ಬಾಗಿಲಲ್ಲಿ ನಿಂತು, “ನಾಳಿ ಬಾ, ಮಾತಾಡೂದೈತಿ” ಎಂದರು. 

ಮರುದಿನ ದಸರೆ. ನಮಗೆ ಅದು ನಮ್ಮವರು ಬೌದ್ಧ ದೀಕ್ಷೆ ತೆಗೆದುಕೊಂಡ ದಿನ, ಅವ್ವ ಬಿಳಿ ಸೀರೆ ಉಟ್ಟು ಬುದ್ಧ ವಿಹಾರಕ್ಕೆ ಹೊರಟಿದ್ದಳು. ನಡೆದುದನ್ನೆಲ್ಲ ಅವಳಿಗೆ ಹೇಳಿದ್ದೆ. ಇರಲಿ ಬಿಡು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಡಬ್ಬಿಗೆ ರೊಟ್ಟಿ ಕಟ್ಟುತ್ತ, “ಹೋಗ. ಕೆಲಸಾ ಬಿಡಸಿದ್ರೂ ತಲಿ ತಗ್ಗಸಬ್ಯಾಡ” ಎಂದಳು. ನಾನು ಟಂಟಂ ಆಟೋ ಹತ್ತಿ ಗೋಕಾಕಕ್ಕೆ ಬಂದೆ.

ಒಳಗೆ ಕಾಲಿಡುತ್ತಲೇ ಕಂಡಿತು. ಊರಿಂದ ನಸುಕಿನಲ್ಲೇ ಮರಳಿದ್ದ ಅಕ್ಕ ಅರಿಶಿನ ಕದಡಿದ ನೀರಿನ ಬಕೆಟ್ಟು ಇಟ್ಟುಕೊಂಡು, ಹಿಂಡಿದ ಬಟ್ಟೆಯಿಂದ ಕೌಂಟರಿನ ಕಂಪ್ಯೂಟರನ್ನು ಒರೆಸುತ್ತಿದ್ದಳು. ಕೀಬೋರ್ಡಿನ ಒಂದೊಂದೇ ಕೀಲಿ, ನಾನು ಕೂತ ಕುರ್ಚಿ, ನಾನು ತಳ್ಳಿದ ಬಾಗಿಲು. ಮೇಜಿನ ಮೇಲೆ ಹೊಸ ಮಾಲೆ. ಮ್ಯಾನೇಜರ್ ನನ್ನನ್ನು ನೋಡಿ ಕೈ ಅಡ್ಡ ಹಿಡಿದರು.

“ಅಲ್ಲೇ ನಿಲ್ಲ. ಇದೊಂದ ಮುಗೀಲಿ.”

ಗೋಡೆಗೆ ಹೊಂದಿಸಿದ ಬಾಕಿನ ಮೇಲೆ ಹುಕ್ಕೇರಿ ಗಾಡಿಯಲ್ಲಿ ಬಂದವರು ಕುಳಿತಿದ್ದರು. ಯಂತ್ರಕ್ಕೆ ಹಚ್ಚುವ ಮುಂಚೆ ಎಲ್ಲರ ತೂಕ ನೋಡುತ್ತಾರೆ, ಅದಕ್ಕೆ ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಕಣಗಲಾದ ಕಾಕು. ಕಾಲು ಕಂಬದಂತೆ ಊದಿದ್ದವು, ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದರು.

“ಹಬ್ಬದ ದಿನಾ ಏನ್ ತೊಳ್ಯಾಕತ್ತೀವಾ?” ಎಂದು ಅಕ್ಕನನ್ನು ಕೇಳಿದರು.

ಅಕ್ಕನಿಗೆ ಮುಚ್ಚಿಡುವುದು ಗೊತ್ತಿಲ್ಲ. “ನಿನ್ನಿ ಪೂಜಿ ಆದ ಮಷೀನ್ ಈಕಿ ಮುಟ್ಯಾಳ್ರಿ ಕಾಕೂ. ನಿಮ್ಮ ಹೆಸರ ಪಟ್ಟ್ಯಾಗ ಬರೂದಿಲ್ಲ ಅಂತ ಹೇಳಿ ಮುಟ್ಟಿ ಬಿಟ್ಲು. ಅದಕ್ಕ ಸರ್ ತೊಳಿ ಅಂದ್ರು.”

ಕಾಕು ನನ್ನನ್ನು ನೋಡಿದರು, ಬಕೆಟ್ಟು ನೋಡಿದರು, ಮ್ಯಾನೇಜರನ್ನು ನೋಡಿದರು. ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು.

“ಕಾಕೂ, ಕುಂದರ್ರಿ, ದಮ್ಮು ಹತ್ತೈತಿ ನಿಮಗ,” ಎಂದರು ಮ್ಯಾನೇಜರ್.

“ಹತ್ಲಿ. ಈಕಿ ಮುಟ್ಟಿದ್ದಕ್ಕ ಪಟ್ಟ್ಯಾಗ ನನ್ನ ಹೆಸರ ಬಂತು. ಆ ಪಟ್ಟಿ ಹಿಡಕೊಂಡ ಗಾಡಿ ನನ್ನ ಬಾಗಲಕ ಬಂತು. ಅದರಾಗ ಕುಂತ ನಾ ಇಲ್ಲಿ ತನಕಾ ಬಂದೇನಿ.” ಉಸಿರಿಗೆ ನಿಂತು, ಮತ್ತೆ ಹೇಳಿದರು. “ಆ ಬಕೆಟ್ ಇತ್ತಾಗ ತರ್ರಿ. ಮೊದಲ ನನ್ನ ತೊಳೀರಿ.”

 ಅಕ್ಕನ ಕೈಯಿಂದ ಬಟ್ಟೆ ಬಕೆಟ್ಟಿಗೆ ಬಿತ್ತು.  ಮ್ಯಾನೇಜರ್ ಅಡ್ಡ ಹಿಡಿದ ಕೈ ತಾನಾಗಿ ಕೆಳಗಿಳಿಯಿತು.

ಕಾಕು ನನ್ನ ಕಡೆ ಕೈ ಚಾಚಿದರು. “ನಿಂತೀ ಯಾಕ? ತೂಕಾ ನೋಡೂದೈತಿ. ಬಾ, ಹಿಡಕೊ.”

ಹೋಗಿ ಅವರ ಕೈ ಹಿಡಿದುಕೊಂಡೆ. ಊದಿದ ಬೆರಳುಗಳು ನನ್ನ ಬೆರಳುಗಳನ್ನು ಗಟ್ಟಿಯಾಗಿ ಸುತ್ತಿಕೊಂಡವು. ಮ್ಯಾನೇಜರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ನಾವಿಬ್ಬರೂ ಅವರ ಮುಂದೆಯೇ ಹಾದು ತೂಕದ ಯಂತ್ರದ ತನಕ ನಡೆದೆವು.